ಹಲ್ಲಿನ ಕಾಲೇಜಿನಲ್ಲಿ ನಮ್ಮ ಭಾವ

ನಮ್ಮ ಭಾವ ನಕ್ಕರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಗುವಿನಲ್ಲಿ ಕೇಡೇನೂ ಇರಲಿಲ್ಲ. ಆದರೆ ಅವರು ನಗುವಾಗ ಬಾಯಿಯನ್ನು ಪೂರ್ತಿಯಾಗಿ ತೆರೆಯುತ್ತಿದ್ದರು, ತೆರೆದ ಬಾಯಿಯನ್ನು ಬೆಳಕಿದ್ದ ಕಡೆಗೆ ತಿರುಗಿಸುತ್ತಿದ್ದರು, ನಗು ಮುಗಿದ ಮೇಲೂ ಮುಚ್ಚುತ್ತಿರಲಿಲ್ಲ. ಆಗ ಒಳಗೆ ಕಾಣುತ್ತಿದ್ದುದು ಬೆಳ್ಳಿಬಣ್ಣದ, ಬಿಳಿಯ, ಬೂದಿಬಣ್ಣದ ತೇಪೆಗಳ ಒಂದು ವಿಚಿತ್ರ ಸಮುಚ್ಚಯ. ಒಂದೊಂದು ತೇಪೆಯನ್ನೂ ತೋರುಬೆರಳಿನಿಂದ ಮುಟ್ಟಿ, ಮನೆಗೆ ಬಂದವರಿಗೆ ಬಂಧುಗಳನ್ನು ಪರಿಚಯಿಸುವ ಸಡಗರದಲ್ಲಿ ಹೇಳಿಕೊಂಡು ಹೋಗುವರು: "ಇದು ಆ ಉದ್ದ ಜಡೆ ಹುಡುಗಿ ಮಾಡಿದ್ದು. ಇದು ಬಿಕ್ಕಳಿಸ್ತಾ ಇದ್ನಲ್ಲ, ಅವನದು. ಇದನ್ನ ಮಾಡಿದೋನು ಈಗ ದೊಡ್ಡ ಡಾಕ್ಟರು, ದಾರೀಲಿ ಸಿಕ್ಕಿದ್ರೆ ಮುಖ ನೋಡಲ್ಲ. ಆದ್ರೆ ಕೆಲಸ ನೋಡು, ಇವತ್ತಿಗೂ ಅಲ್ಲಾಡಿಲ್ಲ." ಊಟಕ್ಕೆ ಕುಳಿತ ಅತಿಥಿಗಳ ಎದುರಿನಲ್ಲೂ ಈ ಪ್ರದರ್ಶನ ನಡೆಯುತ್ತಿತ್ತು. ನಮ್ಮಕ್ಕ ಹಣೆ ಚಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಭಾವನ ವೃತ್ತಿ ಗಾಜಿನದು. ಪೇಟೆಬೀದಿ ಬಲಕ್ಕೆ ತಿರುಗುವ ಮೂಲೆಯಲ್ಲಿ ಅವರ ಅಂಗಡಿ. ಕಿಟಕಿಗೆ, ಕಪಾಟಿಗೆ, ಪಟಗಳಿಗೆ ಬೇಕಾದ ಗಾಜನ್ನು ಅಳತೆಗೆ ಕತ್ತರಿಸಿ ಕೂರಿಸಿಕೊಡುವುದು ಕೆಲಸ. ಎಳೆ ವಯಸ್ಸಿನಿಂದ ಗಾಜಿನ ಹಲಗೆಗಳನ್ನು ಎರಡು ಅಂಗೈಗಳ ನಡುವೆ ಹಿಡಿದು ನಡೆದೂ ನಡೆದೂ, ಕೈಯಲ್ಲಿ ಏನೂ ಇಲ್ಲದಿದ್ದಾಗಲೂ ಅವರ ತೋಳುಗಳು ಮೈಗೆ ತಾಗದೆ ದೂರವೇ ಇರುತ್ತಿದ್ದವು; ಬಾಗಿಲು ಎಷ್ಟೇ ವಿಶಾಲವಾಗಿರಲಿ, ಅವರು ಅದನ್ನು ದಾಟುತ್ತಿದ್ದುದು ಅಡ್ಡಡ್ಡಲಾಗಿಯೇ; ಬೀದಿಯಲ್ಲಿ ಅವರು ಬರುವುದನ್ನು ಕಂಡ ಅಪರಿಚಿತರು ಕೂಡ, ಕಣ್ಣಿಗೆ ಕಾಣದ ಗಾಜೊಂದು ತಮಗೆ ತಗುಲೀತೆಂಬಂತೆ, ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮೈಮೇಲೆ ಸರ್ವಕಾಲಕ್ಕೂ ಒಂದು ಕಂದು ಕೋಟು. ಅದರ ಜೇಬುಗಳನ್ನೆಲ್ಲ, ಒಳಗೆ ಗಾಜಿನ ಚೂರು ಸೇರಿ ಬೆರಳು ಕೊಯ್ದೀತೆಂದು, ದರ್ಜಿಗೆ ಹೇಳಿ ಬಾಯಿ ಹೊಲಿಸಿಬಿಟ್ಟಿದ್ದರು. ಹೀಗಾಗಿ ಅವರ ಕನ್ನಡಕ, ಬೀಗದ ಕೈ, ಕರವಸ್ತ್ರಗಳೆಲ್ಲ ಅಕ್ಕನ ಚೀಲದಲ್ಲಿ. ಅಕ್ಕ ಜೊತೆಗಿಲ್ಲದಾಗ ನನ್ನ ಜೇಬಿನಲ್ಲಿ. ಭಾವ ಎಲ್ಲಿಗೆ ಹೊರಟರೂ ಅವರ ಜೇಬಾಗಿ ನಾನು ಹಿಂದೆ ಹೋಗುವುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ವ್ಯವಸ್ಥೆಯಾಗಿತ್ತು.

ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆ ಅವರು ಹಾಕಿದ್ದ ಕಟ್ಟಳೆ ಒಂದೇ. ಗಾಜಿನ ಮೇಲೆ ವಜ್ರದ ಮೊನೆಯಿಂದ ಯಾರು ಗೀರು ಎಳೆದರೋ ಅವರೇ ಆ ಗಾಜನ್ನು ಮುರಿಯಬೇಕು. ಗೀರು ಅಂಕುಡೊಂಕಾಗಿದ್ದರೂ ಸರಿಯೇ, ನಡುವೆ ಇನ್ನೊಬ್ಬರು ಕೈಹಾಕಕೂಡದು. ಹಾಳಾದ ಗಾಜು ಅಂಗಡಿಯ ಪಾಲಿಗೆ. ಕಲಿಯುವವರ ಕೂಲಿಯಲ್ಲಿ ಅದನ್ನು ಮುರಿದುಕೊಳ್ಳುತ್ತಿರಲಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತಿತ್ತು.

ಇಷ್ಟು ಹೇಳಿದರೆ ಭಾವ ದೊಡ್ಡ ಮನಸ್ಸಿನವರೆಂದು ನೀವು ತಿಳಿದೀರಿ. ಅವಸರ ಬೇಡ. ತೆರಿಗೆ ಕಟ್ಟುವ ದಿನ ಅವರು ಕೋಟಿಗೆ ಇಸ್ತ್ರಿ ಹಾಕಿಸಿ, ತಾವೇ ಕಚೇರಿಗೆ ಹೋಗಿ, ಗುಮಾಸ್ತರಿಂದ ಹಿಡಿದು ಬಾಗಿಲ ಜವಾನನವರೆಗೆ ಎಲ್ಲರಿಗೂ ಕೇಳಿಸುವಂತೆ ಗೊಣಗುತ್ತ ಕಟ್ಟಿ ಬರುತ್ತಿದ್ದರು. ಕಟ್ಟಿದ ಮರುದಿನದಿಂದ ಊರೆಲ್ಲ ಅವರದೇ. ಬೀದಿದೀಪ ಕಣ್ಣು ಮಿಟುಕಿಸಿದರೆ ಕಂಬದ ಕೆಳಗೆ ನಿಂತು ಬೈಯುವರು. ಉದ್ಯಾನದ ಬೆಂಚುಗಳ ಮೇಲೆ ಒಂದೊಂದಾಗಿ ಕುಳಿತು, ಅತ್ತಿತ್ತ ಜರುಗಿ, ಯಾವುದರ ಕಾಲು ಸಡಿಲವಾಗಿದೆಯೆಂದು ಪರೀಕ್ಷಿಸುವರು. "ನಿಮಗ್ಯಾಕೆ ಬೇಕು ಇದೆಲ್ಲ?" ಎಂದು ಯಾರಾದರೂ ಕೇಳಿದರೆ ಸಿದ್ಧ ಉತ್ತರ: "ಕಟ್ಟಿದೀನಲ್ಲ!"

ಒಮ್ಮೆ ಈ ತಪಾಸಣೆ ನನ್ನ ತರಗತಿಗೂ ಬಂತು. ನಾನು ಸರ್ಕಾರಿ ಕಾಲೇಜಿನಲ್ಲಿ ಭಾಷೆಯ ಮೇಷ್ಟ್ರು. ಹೂವು ಅರಳುವುದನ್ನು ಕುರಿತ ಪದ್ಯವೊಂದನ್ನು ತನ್ಮಯನಾಗಿ ವಿವರಿಸುತ್ತ ತಲೆಯೆತ್ತಿದರೆ, ಕೊನೆಯ ಬೆಂಚಿನಲ್ಲಿ ತೋಳುಗಳನ್ನು ಅಗಲಿಸಿಕೊಂಡು ಭಾವ ಕುಳಿತಿದ್ದಾರೆ! ತರಗತಿ ಮುಗಿಯುವ ಹೊತ್ತಿಗೆ ಅವರು ಎದ್ದು ನಿಂತು, ವಿದ್ಯಾರ್ಥಿಗಳೆಲ್ಲರ ಎದುರಿಗೆ ಕೇಳಿದರು: "ಮೇಷ್ಟ್ರೇ, ಇಡೀ ಗಂಟೆ ಆಯ್ತು, ಹೂವು ಇನ್ನೂ ಅರಳಲೇ ಇಲ್ಲ. ನಾಳೆ ಬರಬೇಕಾ?" ಆ ವರ್ಷವೆಲ್ಲ ನಾನು ಕಾರಿಡಾರಿನಲ್ಲಿ ಹಾದುಹೋದರೆ ಹುಡುಗರು "ಅರಳಿತಾ?" ಎಂದು ಪಿಸುಗುಟ್ಟುತ್ತಿದ್ದರು.

ಸಾರ್ವಜನಿಕ ಕಾಲೇಜುಗಳಲ್ಲಿ ಓದುವವರ ಶುಲ್ಕವನ್ನು ತೆರಿಗೆಯ ಹಣದಿಂದ ತುಂಬುವ ವ್ಯವಸ್ಥೆಯನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಕ್ಷೌರದಂಗಡಿಯಲ್ಲಿ, ಕೆನ್ನೆಗೆ ನೊರೆ ಹಚ್ಚಿಸಿಕೊಂಡೇ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಶುರುಮಾಡುವರು: "ನನ್ನ ಮಕ್ಕಳು ಓದೋ ವಯಸ್ಸು ದಾಟಾಯ್ತು. ಯಾರ ಮಕ್ಕಳ ಫೀಸೋ ನಾನ್ಯಾಕಯ್ಯ ಕಟ್ಟಬೇಕು? ಓದಿ ಡಾಕ್ಟರಾಗೋರು ಅವರು, ಬಂಗಲೆ ಕಟ್ಟೋರು ಅವರು. ನನಗೇನು ಬಂತು, ಆ ಬಂಗಲೆ ಕಿಟಕಿಗೆ ಗಾಜು ಹಾಕೋ ಕೆಲಸವಾ?"

"ನಿಮಗೆ ಹಲ್ಲು ನೋವು ಬಂದ್ರೆ ಯಾರ ಹತ್ರ ಹೋಗ್ತೀರಿ ಭಾವ?" ಎಂದು ನಾನು ಬುದ್ಧಿವಂತಿಕೆಯಿಂದ ಕೇಳಿದರೆ, "ದುಡ್ಡು ಕೊಟ್ಟು ಹೋಗ್ತೀನಿ. ಓದ್ಸೋಕೂ ಕೊಟ್ಟೆ, ತೋರ್ಸೋಕೂ ಕೊಟ್ಟೆ, ಎರಡು ಸಲ ಕೊಟ್ಟ ಹಾಗಾಯ್ತು. ಅದನ್ನೇ ತಾನೆ ನಾನು ಬಡ್ಕೊಳ್ತಿರೋದು?" ಎನ್ನುವರು. ಕ್ಷೌರಿಕ ಕತ್ತಿ ಹಿಡಿದುಕೊಂಡೇ ತಲೆದೂಗುವನು. ವಿದ್ಯೆ, ಸಮಾಜ, ಸಮಾನ ಅವಕಾಶ ಎಂದೆಲ್ಲ ತರಗತಿಯಲ್ಲಿ ನಿರರ್ಗಳವಾಗಿ ಹರಿಯುವ ನನ್ನ ನಾಲಗೆ ಆ ಕ್ಷೌರದಂಗಡಿಯಲ್ಲಿ ಕಟ್ಟಿಹೋಗುತ್ತಿತ್ತು.

ಇಂಥ ಮನುಷ್ಯನನ್ನು ನಾನು ಒಂದು ದಿನ ಎಲ್ಲಿ ಕಂಡೆನೆಂದು ಹೇಳಿದರೆ, ಅಂದಿನ ನನ್ನ ಆಘಾತ ನಿಮಗೆ ಅರ್ಥವಾದೀತು. ನಮ್ಮ ಕಾಲೇಜಿನ ಪಕ್ಕದ ಕಟ್ಟಡವೇ ಸರ್ಕಾರಿ ದಂತವೈದ್ಯ ಕಾಲೇಜು. ಸಮಾರಂಭವೊಂದಕ್ಕೆ ಕುರ್ಚಿಗಳನ್ನು ಎರವಲು ಕೇಳಲು ಹೋದವನು, ದಾರಿ ತಪ್ಪಿ ಒಂದು ದೊಡ್ಡ ಹಜಾರದೊಳಗೆ ಕಾಲಿಟ್ಟೆ. ಸಾಲಾಗಿ ಒರಗುಕುರ್ಚಿಗಳು, ತಲೆಯ ಮೇಲೆ ಬಾಗಿದ ದೀಪಗಳು, ಲವಂಗದೆಣ್ಣೆಯ ಘಾಟು, ಕೊರೆಯುವ ಯಂತ್ರಗಳ ಸಣ್ಣ ಕೊರಗು. ಗೋಡೆಯ ಮೊಳೆಯೊಂದರಲ್ಲಿ ಕಂದು ಕೋಟು ನೇತಾಡುತ್ತಿತ್ತು. ಅದರ ಜೇಬುಗಳ ಬಾಯಿ ಹೊಲಿದಿತ್ತು. ಕೆಳಗಿನ ಕುರ್ಚಿಯಲ್ಲಿ, ಕೊರಳಿಗೆ ಬಿಳಿಯ ಬಟ್ಟೆ ಕಟ್ಟಿಸಿಕೊಂಡು, ಯಾರ ಮಕ್ಕಳ ಶುಲ್ಕವನ್ನು ತಾವೇಕೆ ಕಟ್ಟಬೇಕೆಂದು ಜನ್ಮವಿಡೀ ಕೇಳುತ್ತ ಬಂದಿದ್ದರೋ ಅದೇ ಮಕ್ಕಳಿಗೆ ಬಾಯಿ ತೆರೆದುಕೊಟ್ಟು ನಮ್ಮ ಭಾವ ಮಲಗಿದ್ದರು! ಮೂವರು ವಿದ್ಯಾರ್ಥಿಗಳು ಬಾವಿಗೆ ಬಿದ್ದ ಕೊಡವನ್ನು ಹುಡುಕುವವರಂತೆ ಒಳಗೆ ಇಣುಕುತ್ತಿದ್ದರು. ಭಾವ ನನ್ನನ್ನು ಕಂಡು, ಮಾತಾಡಲಾಗದೆ, ಹೋಗು ಹೋಗು ಎಂದು ಕಣ್ಣಿನಲ್ಲೇ ಗದರಿಸಿದರು.

ಸಂಜೆ ಕೇಳಿದ್ದಕ್ಕೆ ಅವರು ಕೊಟ್ಟ ಸಮಜಾಯಿಷಿ ಇದು: "ಕಟ್ಟಿದೀನಲ್ಲ! ನನ್ನ ದುಡ್ಡಲ್ಲಿ ಏನು ಕಲೀತಿದಾರೆ ಅಂತ ಇನ್ನೆಲ್ಲಿ ನೋಡ್ಲಿ? ನಿನ್ನ ಕ್ಲಾಸಲ್ಲಿ ಕೂತ್ರೆ ಏನೂ ಗೊತ್ತಾಗಲ್ಲ ಅಂತ ಆವತ್ತೇ ಗೊತ್ತಾಯ್ತು. ಬಾಯಲ್ಲಾದ್ರೆ ಗೊತ್ತಾಗುತ್ತೆ."

ಆ ಕಾಲೇಜಿನ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಪ್ರಾಯೋಗಿಕ ಪರೀಕ್ಷೆಗೆ ವಿದ್ಯಾರ್ಥಿಗಳೇ ತಮ್ಮ ತಮ್ಮ ರೋಗಿಯನ್ನು ಕರೆತರಬೇಕು. ಒಪ್ಪಿಕೊಂಡವರು ಆ ದಿನ ಬೆಳಿಗ್ಗೆ ಭಯಬಿದ್ದು ಮನೆಯಲ್ಲೇ ಉಳಿಯುವುದು ಮಾಮೂಲು. ಹೀಗಾಗಿ ತಾನಾಗಿ ಬಂದು ಮಲಗುವ ನಮ್ಮ ಭಾವ ಅಲ್ಲಿ ದೇವರು ಕೊಟ್ಟ ವರವಾಗಿಬಿಟ್ಟಿದ್ದರು. ಹುಳುಕು ಕಂಡ ಹಲ್ಲನ್ನು ಬೇರೆಲ್ಲೂ ತೋರಿಸದೆ ಪರೀಕ್ಷೆಯ ಕಾಲಕ್ಕೆಂದು ಕಾದಿರಿಸುತ್ತಿದ್ದರಂತೆ. ಹುಡುಗರು ಅವರಿಗೆ ಗ್ಲಾಸ್ ಅಂಕಲ್ ಎಂದು ಹೆಸರಿಟ್ಟಿದ್ದರು. ಆದರೆ ವರಕ್ಕೊಂದು ಮುಳ್ಳೂ ಇತ್ತು. ಕೆಲಸ ಮುಗಿದ ಮೇಲೆ ದಪ್ಪ ಕನ್ನಡಕದ ಪ್ರೊಫೆಸರೊಬ್ಬರು ಬಂದು ರೋಗಿಯನ್ನು ಕೇಳುವುದು ಅಲ್ಲಿನ ವಾಡಿಕೆ: "ನೋವಾಯ್ತಾ?" ಉಳಿದವರು ಕಣ್ಣಲ್ಲಿ ನೀರಿದ್ದರೂ ಮಕ್ಕಳ ಮುಖ ನೋಡಿ "ಇಲ್ಲ" ಎಂದುಬಿಡುತ್ತಿದ್ದರು. ಭಾವ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು. ಅವರ ಬಾಯಿಂದ "ಇಲ್ಲ" ಬಂದರೆ ಆ ವಿದ್ಯಾರ್ಥಿಯ ಕೈ ಪಳಗಿತೆಂದೇ ಲೆಕ್ಕ.

ಆ ವರ್ಷ ವರ್ತಕರ ಸಂಘದವರಿಗೆ ತೆರಿಗೆಯ ವಿಷಯದಲ್ಲಿ ತಲೆ ಕೆಟ್ಟಿತ್ತು. ಎಲ್ಲರ ಶುಲ್ಕವನ್ನೂ ಈಗಲೇ ನಿಲ್ಲಿಸಲಾಗದಿದ್ದರೆ ಹೋಗಲಿ, ಪರೀಕ್ಷೆಯಲ್ಲಿ ನಪಾಸಾದವರ ಶುಲ್ಕವನ್ನಾದರೂ ಜನರ ಹಣದಿಂದ ಕಟ್ಟಬಾರದೆಂದು ಅವರು ಕಾಲೇಜುಗಳ ಆಡಳಿತ ಮಂಡಳಿಯ ಮುಂದೆ ಹೋದರು. ನಿಯೋಗದ ಮುಂಚೂಣಿಯಲ್ಲಿದ್ದವರು ಭಾವ. "ಕಲೀದೇ ಇರೋರಿಗೆ ನಾನ್ಯಾಕೆ ಕಟ್ಟಲಿ?" ಎಂಬ ಅವರ ಒಂದೇ ಪ್ರಶ್ನೆಗೆ ಮಂಡಳಿ ತಬ್ಬಿಬ್ಬಾಯಿತು. ಷರತ್ತು ಜಾರಿಗೆ ಬಂತು: ಪರೀಕ್ಷೆಯಲ್ಲೂ ಅದರ ಮರುಪರೀಕ್ಷೆಯಲ್ಲೂ ಸೋತವರು ಅಲ್ಲಿಂದಾಚೆಗೆ ಶುಲ್ಕವನ್ನು ತಾವೇ ಭರಿಸಬೇಕು. ಅಂದು ರಾತ್ರಿ ಭಾವ ಎರಡನೆಯ ಸಲ ಬಡಿಸಿಕೊಂಡು ಉಂಡರೆಂದು ಅಕ್ಕ ಹೇಳಿದಳು.

ಪರೀಕ್ಷೆಯ ದಿನ ಭಾವನ ಜೇಬಾಗಿ ನಾನೂ ಹೋಗಿದ್ದೆ. ಒಂದು ಕುರ್ಚಿ ಖಾಲಿಯಿತ್ತು. ಪಕ್ಕದಲ್ಲಿ ಸಣಕಲು ಹುಡುಗಿಯೊಬ್ಬಳು, ಬಿಳಿಯ ಕೋಟಿನ ತೋಳನ್ನು ಮಡಿಸುತ್ತ ಬಿಚ್ಚುತ್ತ, ಬಾಗಿಲನ್ನೇ ನೋಡುತ್ತಿದ್ದಳು. ಅವಳ ರೋಗಿ ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ಓಡಾಡುವ ಬಸ್ಸಿನ ಡ್ರೈವರನ ಮಗಳು ಅವಳು. ಭಾವ ಕೋಟು ಕಳಚಿ ನನ್ನ ಕೈಗೆ ಕೊಟ್ಟು, ಅಡ್ಡಡ್ಡಲಾಗಿ ನಡೆದು ಹೋಗಿ, ಆ ಕುರ್ಚಿಯಲ್ಲಿ ಒರಗಿದರು. "ಕೆಳಗಡೆ, ಎಡಗಡೆ, ಹಿಂದಿನಿಂದ ಎರಡನೇದು. ನೋಡಮ್ಮ."

"ನೋವಾದ್ರೆ ಎಡಗೈ ಎತ್ತಿ ಅಂಕಲ್," ಎಂದಳು ಹುಡುಗಿ. ಅವಳ ಬೆರಳುಗಳು ನಡುಗುತ್ತಿದ್ದುದು ನನಗೆ ಗೋಡೆಯ ಬಳಿಯಿಂದಲೇ ಕಾಣುತ್ತಿತ್ತು. ಯಂತ್ರ ಕೊರಗತೊಡಗಿತು. ಅವಳ ಒಂದು ಕಣ್ಣು ಹಲ್ಲಿನ ಮೇಲೆ, ಒಂದು ಕಣ್ಣು ಗೋಡೆಯ ಗಡಿಯಾರದ ಮೇಲೆ. ಸ್ವಲ್ಪ ಹೊತ್ತಿಗೆ ಭಾವನ ಎಡಗೈ ಮೇಲೆದ್ದಿತು. ಯಂತ್ರ ನಿಲ್ಲಲಿಲ್ಲ. ಕೈ ಎದ್ದೇ ಇತ್ತು. ಅವಳು ಅದನ್ನು ನೋಡಿದಳು. ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ತುಟಿ ಕಚ್ಚಿಕೊಂಡು ಕೊರೆಯುತ್ತಲೇ ಹೋದಳು. ಕೊನೆಗೆ ಆ ಕೈ ತಾನಾಗಿ ಇಳಿದು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಪ್ರೊಫೆಸರು ಬಂದರು. "ನೋವಾಯ್ತಾ?"

ಆ ಒಂದು ಉತ್ತರದಿಂದ ಒಬ್ಬಳ ಓದು ಮರುಪರೀಕ್ಷೆಯ ಅಂಚಿಗೆ ಹೋಗಿ ನಿಂತೀತೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಭಾವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಹುಡುಗಿಯ ಮುಖ ನೋಡಿದರು.

"ಆಯ್ತು," ಎಂದರು.

ಪ್ರೊಫೆಸರು ಬಗ್ಗಿ ಪರೀಕ್ಷಿಸಿ, ನರದ ಹತ್ತಿರದವರೆಗೂ ಕೊರೆದಿದ್ದಾಳೆಂದು ಹೇಳಿ, ಬ್ಯಾಂಡೇಜಿನಂತೆ ತಾತ್ಕಾಲಿಕವಾಗಿ ಬಿಳಿಯ ಲೇಪವೊಂದನ್ನು ತುಂಬಿಸಿದರು. ಹುಡುಗಿ ನಪಾಸಾದಳು. ಸೀನಿಯರೊಬ್ಬರು ಹಲ್ಲಿನ ಕೆಲಸವನ್ನು ಪೂರೈಸಿಕೊಡುತ್ತಾರೆಂದು ಹೇಳಿದಾಗ ಭಾವ ಬೇಡವೆಂದು ತಲೆಯಾಡಿಸಿ, ಕೋಟು ತೊಟ್ಟು ಹೊರಟುಬಿಟ್ಟರು. ದಾರಿಯುದ್ದಕ್ಕೂ ನಾನು ಅವರೊಡನೆ ಮಾತಾಡಲಿಲ್ಲ. ಆಡಿದ್ದರೆ ಕೆಟ್ಟ ಮಾತೇ ಬರುತ್ತಿತ್ತು.

ಅಕ್ಕ ಆಡಿದಳು. "ಒಂದು ‘ಇಲ್ಲ’ ಅಂದಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?"

"ನೋವಾಯ್ತು ಕಣೇ."

"ಅವಳಿಗೆ ಆಗ್ಲಿಲ್ವಾ?"

ಭಾವ ನಾಲಗೆಯ ತುದಿಯಿಂದ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಡ್ರೈವರನ ಬಸ್ಸು ಅಂಗಡಿಯ ಮುಂದೆ ನಿಂತಿತು. ಜಗಳಕ್ಕೇ ಬಂದನೆಂದು ನಾನು ಬೀದಿಯ ಆಚೆಯಿಂದ ಓಡಿ ಬಂದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದು ಇಷ್ಟು: "ಕೈ ತಪ್ಪಿದ್ದು ಅವಳದ್ದೇ ಸಾರ್. ನೀವು ಹೇಳಿದ್ರಲ್ಲಿ ತಪ್ಪಿಲ್ಲ. ಇನ್ನೊಂದು ಪರೀಕ್ಷೆ ಇದೆ, ನೋಡ್ತೀವಿ. ಅದೂ ಆಗದಿದ್ರೆ ಬಿಡಿಸಿಬಿಡ್ತೀನಿ, ನಮ್ಮ ಕೈಲಿ ಕಟ್ಟೋಕಾಗಲ್ಲ." ಬಸ್ಸು ಹೋಯಿತು. ಬೈಗುಳಕ್ಕೆ ಎದೆಯೊಡ್ಡಿ ನಿಂತಿದ್ದ ಭಾವ, ಬೈಗುಳ ಬಾರದ್ದರಿಂದ ಆಸರೆ ತಪ್ಪಿದವರಂತೆ, ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು.

ಆಮೇಲೆ ಶುರುವಾದ ಹಠವನ್ನು ಏನೆಂದು ವರ್ಣಿಸಲಿ? ಆ ಅರ್ಧ ಕೊರೆದ ಹಲ್ಲನ್ನು ಅವರು ಯಾರಿಗೂ ಮುಟ್ಟಗೊಡಲಿಲ್ಲ. ತಾತ್ಕಾಲಿಕ ಲೇಪ ಕರಗುತ್ತ ಬಂದಂತೆ ತಣ್ಣೀರು ತಾಗಿದರೆ ತಲೆಗೇರುವ ನೋವು; ಒಂದು ಸಲ ಕೆನ್ನೆ ಬಾತು ಕಣ್ಣೇ ಮುಚ್ಚಿಹೋಯಿತು. ಬಲಗಡೆಯಿಂದಲೇ ಅಗಿದು, ಮೆತ್ತಗೆ ಬೇಯಿಸಿದ್ದನ್ನು ನುಂಗಿ, ಮಾತ್ರೆ ತಿಂದುಕೊಂಡು ದಿನ ದೂಡಿದರು. ಖಾಸಗಿ ಡಾಕ್ಟರ ಬಳಿಗೆ ನಾನು ಕೈಹಿಡಿದು ಎಳೆದೆ. "ಗೀರಿದೋರೇ ಮುರೀಬೇಕು ಕಣಯ್ಯ. ಅದು ಆ ಹುಡುಗಿ ಶುರುಮಾಡಿದ ಹಲ್ಲು," ಎಂದು ಕೈ ಕೊಸರಿಕೊಂಡರು. ನಪಾಸು ಮಾಡಿಸಿದವರೂ ಇವರೇ, ಅವಳಿಗಾಗಿ ಹಲ್ಲನ್ನು ಕಾದಿರಿಸಿ ನರಳುವವರೂ ಇವರೇ. ಈ ಮನುಷ್ಯನ ತಲೆಯೊಳಗೆ ನಡೆಯುವುದಾದರೂ ಏನು?

ಅದು ತಿಳಿದದ್ದು ವರ್ತಕರ ಸಂಘದ ಸಭೆಯಲ್ಲಿ. ಭಾವ "ಆಯ್ತು" ಎಂದ ಸುದ್ದಿ ಪೇಟೆಯೆಲ್ಲ ಹಬ್ಬಿ, ಸಂಘದವರು ಅದನ್ನು ಧ್ವಜದಂತೆ ಎತ್ತಿ ಹಿಡಿದಿದ್ದರು. ಎಲ್ಲ ವಿದ್ಯಾರ್ಥಿಗಳ ಶುಲ್ಕಕ್ಕೂ ತೆರಿಗೆಯ ಹಣ ಕೊಡುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ಒತ್ತಾಯಕ್ಕೆ ಸಭೆ ಸೇರಿತ್ತು. ಮುಖ್ಯ ಭಾಷಣ ನಮ್ಮ ಭಾವನದು. ಸಂಘದ ಕಾರ್ಯದರ್ಶಿಯಾಗಿದ್ದ ಬಟ್ಟೆಯಂಗಡಿಯವರು ಮೈಕಿನಲ್ಲಿ ಗುಡುಗಿದರು: "ನಮ್ಮ ದುಡ್ಡು ಹೇಗೆ ಪೋಲಾಗ್ತಿದೆ ಅನ್ನೋದಕ್ಕೆ ಇವರ ಹಲ್ಲೇ ಸಾಕ್ಷಿ!" ಚಪ್ಪಾಳೆಯ ಸುರಿಮಳೆ. ಭಾವ ಮೈಕಿನ ಮುಂದೆ ಬಂದರು.

"ಕೊಡೋಕೆ ನನಗೆ ಇವತ್ತಿಗೂ ಮನಸ್ಸಿಲ್ಲ," ಎಂದು ಶುರುಮಾಡಿದರು. "ಕಟ್ಟೋವಾಗ ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?" ಸಭೆ ನಕ್ಕಿತು. "ಆದ್ರೆ ಆವತ್ತು ನಾನು ಕೈ ಎತ್ತಿದೆ. ಆ ಹುಡುಗಿ ನೋಡಿದ್ಲು. ನೋಡೂ ನಿಲ್ಲಿಸಲಿಲ್ಲ. ಯಾಕಮ್ಮ ಅಂತ ಆಮೇಲೆ ಹೋಗಿ ಕೇಳ್ದೆ. ‘ನಿಲ್ಸಿದ್ರೆ ಟೈಮ್ ಹೋಗುತ್ತೆ, ಟೈಮ್ ಹೋದ್ರೆ ಫೇಲು, ಫೇಲಾದ್ರೆ ಫೀಸು ಅಂಕಲ್’ ಅಂದ್ಲು. ಆ ಷರತ್ತು ಹಾಕ್ಸಿದ್ದು ಯಾರು? ನಾನು! ನೀವೆಲ್ಲ ಹಿಂದೆ ಇದ್ರಿ, ಮುಂದೆ ನಿಂತು ಬಾಯಿ ಬಡಿದೋನು ನಾನು. ನನ್ನ ಹಲ್ಲು ಕೊರೆದಿದ್ದು ನನ್ನದೇ ಷರತ್ತು."

ಸಭೆಯಲ್ಲಿ ನಗು ನಿಂತಿತ್ತು.

"ನನ್ನ ಅಂಗಡೀಲಿ ಕಲಿಯೋರು ದಿನಾ ಗಾಜು ಒಡೀತಾರೆ. ಅವರ ಕೂಲೀಲಿ ಮುರ್ಕೊಂಡ್ರೆ ಏನಾಗುತ್ತೆ ಗೊತ್ತಾ? ಬಿರುಕು ಬಿಟ್ಟಿದ್ದನ್ನ ಹೇಳೋದೇ ಇಲ್ಲ. ಅದಕ್ಕೇ ಅಂಟು ಮೆತ್ತಿ ನಿಮ್ಮನೆ ಕಿಟಕಿಗೆ ಕೂರಿಸಿ ಬರ್ತಾರೆ. ಅದು ಬೀಳೋದು ಯಾರ ತಲೆ ಮೇಲೆ? ಇದು ನನ್ನ ಅಂಗಡೀಲಿ ನನಗೆ ಗೊತ್ತಿತ್ತು. ಕಾಲೇಜಿನ ವಿಷಯಕ್ಕೆ ಹೋದಾಗ ಮಾತ್ರ ನನ್ನ ಬುದ್ಧಿಗೆ ಮಂಕು ಕವೀತು. ಕೊಟ್ರೆ ಕಲಿಯೋ ತನಕ ಕೊಡಿ. ಕೊಡಲ್ಲ ಅಂದ್ರೆ ಇವತ್ತೇ ಬಾಗಿಲು ಹಾಕಿ. ಅರ್ಧ ಕೊರೆದು ಕೈಬಿಡಬೇಡಿ, ತಡ್ಕೊಳ್ಳೋಕಾಗಲ್ಲ." ಕೊನೆಯ ಮಾತಿಗೆ ಅವರ ಕೈ ಕೆನ್ನೆಗೆ ಹೋಗಿತ್ತು.

ಕಾರ್ಯದರ್ಶಿ ಬಿಟ್ಟ ಬಾಯಿ ಮುಚ್ಚದೆ, "ನೀವು ಯಾರ ಕಡೆ ಮಾರಾಯ್ರೇ?" ಎಂದರು. "ನಿಮ್ಮ ಕಡೇನೇ. ಅದಕ್ಕೇ ಹೇಳಿದ್ದು," ಎಂದು ಭಾವ ವೇದಿಕೆಯಿಂದ ಅಡ್ಡಡ್ಡಲಾಗಿ ಇಳಿದರು. ಸಭೆ ಯಾವ ತೀರ್ಮಾನವೂ ಇಲ್ಲದೆ ಚದುರಿತು. ಷರತ್ತು ಮಾತ್ರ ಇದ್ದಲ್ಲೇ ಇತ್ತು. ಹಾಕಿಸುವುದು ಸುಲಭ, ತೆಗೆಸುವುದು ಸುಲಭವಲ್ಲವೆಂದು ಮಂಡಳಿಯವರು ಭಾವನಿಗೆ ಕಲಿಸಿಕೊಟ್ಟರು.

ಮರುಪರೀಕ್ಷೆಯ ದಿನ ಡ್ರೈವರನ ಮಗಳಿಗೆ ರೋಗಿಯೇ ಸಿಕ್ಕಿರಲಿಲ್ಲ. ಗ್ಲಾಸ್ ಅಂಕಲ್‌ಗೇ ನೋವು ಮಾಡಿದ ಕೈಗೆ ಯಾರು ತಾನೆ ಬಾಯಿ ಒಡ್ಡುತ್ತಾರೆ? ಭಾವ ಒಳಗೆ ಕಾಲಿಟ್ಟದ್ದನ್ನು ಕಂಡು ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ನೀವು ಬೇಡ ಅಂಕಲ್. ದಯವಿಟ್ಟು ಬೇಡ."

"ಶುರುಮಾಡಿದೋಳು ನೀನು. ನೀನೇ ಮುಗಿಸು," ಎಂದು ಭಾವ ಮಲಗಿ ಬಾಯಿ ತೆರೆದರು. ನಾನು ಕೋಟನ್ನೂ ಕನ್ನಡಕವನ್ನೂ ಎದೆಗೊತ್ತಿಕೊಂಡು ಗೋಡೆಗೆ ಒರಗಿದೆ. ಸುಳ್ಳು ಹೇಳಿ ಭಾವ, ಈ ಒಂದು ಸಲ ಸುಳ್ಳು ಹೇಳಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ.

ಅವಳು ಹಳೆಯ ಲೇಪವನ್ನು ಬಿಡಿಸಿದಳು. ಯಂತ್ರ ಕೊರಗಿತು. ಹೆಚ್ಚು ಹೊತ್ತಾಗಿರಲಿಲ್ಲ, ಭಾವನ ಎಡಗೈ ಮೇಲೆದ್ದಿತು. ಯಂತ್ರ ನಿಂತಿತು. ಹುಡುಗಿ ಉಪಕರಣವನ್ನು ಕೆಳಗಿಟ್ಟು, ಮರಗಟ್ಟಿಸುವ ಸೂಜಿಮದ್ದನ್ನು ಮತ್ತೊಂದಿಷ್ಟು ಕೊಟ್ಟು, ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು, ಅದು ಏರುವುದನ್ನು ಕಾಯುತ್ತ ಕುಳಿತಳು.

"ಟೈಮ್ ಜಾಸ್ತಿ ಇಲ್ಲ," ಎಂದರು ಪ್ರೊಫೆಸರು ಹಿಂದಿನಿಂದ.

"ಪೇಷೆಂಟ್ ಕೈ ಎತ್ತಿದಾರೆ ಸರ್," ಎಂದಳು ಅವಳು. ಕಣ್ಣು ಗಡಿಯಾರದ ಕಡೆಗೆ ಹೋಗಲಿಲ್ಲ.

ಗಂಟೆ ಹೊಡೆದಾಗ ಅವಳು ಇನ್ನೂ ಹಲ್ಲು ತುಂಬುತ್ತಿದ್ದಳು. ಉಳಿದವರು ಕೆಲಸ ಮುಗಿಸಿ, ಕೈತೊಳೆದು, ಅವಳನ್ನು ಕನಿಕರದಿಂದ ನೋಡಿ ಹೊರಟುಹೋದರು. ಅವಳು ತಲೆಯೆತ್ತಲಿಲ್ಲ, ತುಂಬಿದಳು, ಉಜ್ಜಿದಳು, ನೀಲಿ ಕಾಗದ ಕಚ್ಚಿಸಿ ತೇಪೆ ಎತ್ತರವಾಯಿತೇ ಎಂದು ನೋಡಿದಳು, ಮತ್ತೆ ಉಜ್ಜಿದಳು. ಕೈಕಟ್ಟಿ ನಿಂತಿದ್ದ ಪ್ರೊಫೆಸರು ಯಾಕೋ ಮುಂದೆ ಬಂದು, ತಲೆಯ ಮೇಲಿನ ದೀಪವನ್ನು ಒಂದಿಷ್ಟು ಇತ್ತ ಎಳೆದು ಅವಳಿಗೆ ಬೆಳಕು ಸರಿಮಾಡಿಕೊಟ್ಟರು. ಕೊನೆಗೆ ಅವಳು ಎದ್ದು ಬದಿಗೆ ನಿಂತಳು. ಅವರು ಕೇಳಿದರು: "ನೋವಾಯ್ತಾ?"

"ಆಯ್ತು," ಎಂದರು ಭಾವ.

ನನ್ನ ಕೈಯಿಂದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಹುಡುಗಿ ಕಣ್ಣು ಮುಚ್ಚಿದಳು. ಮರಗಟ್ಟಿದ ತುಟಿಯಿಂದ ಜೊಲ್ಲು ಇಳಿಯುತ್ತಿದ್ದುದನ್ನು ಒರೆಸಿಕೊಂಡು, ತೊದಲುತ್ತ, ಭಾವ ಮುಂದುವರಿಸಿದರು: "ಒಂದು ಸಲ ಆಯ್ತು. ಕೈ ಎತ್ತಿದೆ, ನಿಲ್ಲಿಸಿದ್ಲು. ಆಮೇಲೆ ಏನೂ ಗೊತ್ತಾಗ್ಲಿಲ್ಲ."

ಪ್ರೊಫೆಸರು ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು ಬಹಳ ಹೊತ್ತು ನೋಡಿದರು. ಸೊಂಟ ನೆಟ್ಟಗೆ ಮಾಡಿಕೊಂಡು, "ಮುಂದಿನ ವರ್ಷದ ಕ್ಲಾಸಲ್ಲಿ ಸ್ವಲ್ಪ ಬೇಗ ಬೇಗ ಕೆಲಸ ಮಾಡೋದನ್ನ ಕಲೀಬೇಕಮ್ಮ ನೀನು," ಎಂದರು. ಮುಂದಿನ ವರ್ಷದ ತರಗತಿಯೆಂದರೆ ತಾನು ಪಾಸಾದೆನೆಂದು ಅವಳಿಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಹೊಳೆದದ್ದೇ, ಕುರ್ಚಿಯ ಪಕ್ಕದ ನೆಲದ ಮೇಲೆ ಕುಕ್ಕರಿಸಿ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟಳು. ಭಾವ ದಿಗಿಲುಬಿದ್ದು ಅವಳತ್ತ ಬಗ್ಗಿದರು. "ನೀನ್ಯಾಕಮ್ಮ ಅಳ್ತೀಯ? ನೋವಾಗಿದ್ದು ನನಗಲ್ವಾ?"

ಭಾವ ಬದಲಾದರೆಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಇಂದಿಗೂ ಕ್ಷೌರದಂಗಡಿಯಲ್ಲಿ ಅದೇ ಗೊಣಗಾಟ, ಅದೇ ಹೊಟ್ಟೆಯುರಿ. ನಡುನಡುವೆ ಮಂಡಳಿಯ ಕಚೇರಿಗೆ ಹೋಗಿ, ತಾವೇ ಹಾಕಿಸಿದ ಷರತ್ತನ್ನು ತೆಗೆಯಿರೆಂದು ಜಗಳವಾಡಿ ಬರುತ್ತಾರೆ. ಅಲ್ಲಿನ ಗುಮಾಸ್ತರು ಇವರ ನೆರಳು ಕಂಡರೆ ಊಟಕ್ಕೆ ಎದ್ದುಹೋಗುತ್ತಾರಂತೆ.

ಇಂಥವರನ್ನು ಉದಾರಿಗಳೆನ್ನಲು ನನಗೆ ನಾಲಗೆ ಏಳುವುದಿಲ್ಲ. ಉದಾರಿಗಳು ಕೊಟ್ಟು ಮರೆಯುತ್ತಾರೆ. ಇವರು ಕೊಡುವಾಗ ಶಪಿಸುತ್ತಾರೆ, ಕೊಟ್ಟ ಮೇಲೆ ಬೆನ್ನು ಬಿಡುವುದಿಲ್ಲ, ಊರಿನದೆಲ್ಲ ತಮ್ಮ ಸ್ವಂತದ್ದೆಂದು ಎಲ್ಲರ ತಲೆ ತಿನ್ನುತ್ತಾರೆ. ಆದರೆ ಸ್ವಂತದ್ದೆಂದು ಹೇಳಿದ ಮೇಲೆ, ಅದರೊಳಗಿನ ತಪ್ಪೂ ತಮ್ಮದೆಂದು ತೋರಿದ ಗಳಿಗೆಯಲ್ಲಿ, ಇವರು ಎದ್ದು ಓಡಿಹೋಗುವುದಿಲ್ಲ. ಎಲ್ಲರ ಮಕ್ಕಳೂ ಕಲಿಯಲಿ, ಅದರ ಭಾರವನ್ನು ಎಲ್ಲರೂ ಹೊರೋಣ ಎಂದು ಸೊಗಸಾಗಿ ಮಾತಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ನಾನು ಅದನ್ನೇ ಹೇಳಿಕೊಂಡು ಸಂಬಳ ತೆಗೆದುಕೊಳ್ಳುತ್ತೇನೆ, ನನ್ನ ಹಲ್ಲನ್ನು ಮಾತ್ರ ಹೆಸರಾಂತ ಡಾಕ್ಟರಿಗೇ ತೋರಿಸುತ್ತೇನೆ. ಕಲಿಯುವ ಕೈ ನಡುಗುತ್ತದೆಂದು ಗೊತ್ತಿದ್ದೂ ಅದರ ಕೆಳಗೆ ತಾವೇ ಹೋಗಿ ಮಲಗುವವರು, ನೋವಾದರೆ ಆಯಿತೆಂದೇ ಹೇಳಿ ಮತ್ತೆ ಅಲ್ಲಿಗೇ ಬರುವವರು, ಎಷ್ಟು ಹುಡುಕಿದರೂ ನನಗೆ ಹೆಚ್ಚು ಮಂದಿ ಸಿಕ್ಕಿಲ್ಲ. ಡಾಕ್ಟರುಗಳೆಲ್ಲ ಅಂಥವರ ಬಾಯಲ್ಲೇ ತಯಾರಾಗುತ್ತಾರೆ.